ನಿಯಮ ಮತ್ತು ನಲಿವು: ಬಿಕರ್ನಕಟ್ಟೆಯ ಗುಡ್ಡದಿಂದ ಒಂದು ನೋಟ



ಮಂಗಳೂರಿನ ನಂತೂರಿನಿಂದ ಕುಲಶೇಖರದ ಕಡೆಗೆ, ಮೂಡುಬಿದಿರೆ ರಸ್ತೆಯಲ್ಲಿ ಹೊರಟರೆ ಬಿಕರ್ನಕಟ್ಟೆ ಸಿಗುತ್ತದೆ. ಅಲ್ಲಿನ ಗುಡ್ಡಕ್ಕೆ ಕಾರ್ಮೆಲ್ ಗುಡ್ಡವೆಂದು ಹೆಸರು. ಗುಡ್ಡದ ಮೇಲೆ ಬಾಲಯೇಸುವಿನ ಪುಣ್ಯಕ್ಷೇತ್ರವಿದೆ. ಅದರ ಪಕ್ಕದಲ್ಲೇ ಕಾರ್ಮೆಲ್ ಸಭೆಯ ಸನ್ಯಾಸಿಗಳ ಸಂತ ಜೋಸೆಫರ ಮಠವಿದೆ. ಈ ಮಠ ಸ್ಥಾಪನೆಯಾದದ್ದು 1947ರಲ್ಲಿ. ಗುರುವಾರಗಳಂದು ಇಲ್ಲಿಗೆ ಜನ ಬರುತ್ತಾರೆ. ಜನವರಿ ತಿಂಗಳ ನಡುವೆ ನಡೆಯುವ ವಾರ್ಷಿಕ ಹಬ್ಬಕ್ಕಂತೂ ಜಾತಿ ಮತಗಳ ಭೇದವಿಲ್ಲದೆ ಜನ ಸೇರುತ್ತಾರೆ. ನಿಮ್ಮಲ್ಲಿ ಕೆಲವರು ಪರೀಕ್ಷೆಗೆ ಮುಂಚೆ ಅಲ್ಲಿ ಮೊಂಬತ್ತಿ ಹಚ್ಚಿ ಬಂದವರೂ ಇರಬಹುದು!

ಅಲ್ಲಿ ನಿಂತಾಗ ಒಂದು ಸಂಗತಿಯನ್ನು ನೀವು ಗಮನಿಸಿದ್ದೀರಾ? ಕಾರ್ಮೆಲ್ ಸಭೆ ಕಠಿಣ ವ್ರತಗಳಿಗೆ ಹೆಸರಾದದ್ದು. ಮೌನ, ಧ್ಯಾನ, ಬಡತನ, ಏಕಾಂತ ಇವು ಅದರ ಲಕ್ಷಣಗಳು. ಆದರೆ ಅವರು ಜನರ ಮುಂದೆ ಎತ್ತಿ ಹಿಡಿದಿರುವ ಮೂರ್ತಿ ಯಾವುದು? ಕಿರೀಟ ತೊಟ್ಟು, ಬಣ್ಣದ ಅಂಗಿ ಹಾಕಿಕೊಂಡು ನಿಂತಿರುವ ಒಂದು ಮಗು. ಇಷ್ಟು ಬಿಗಿಯಾದ ನಿಯಮಕ್ಕೂ ಇಷ್ಟು ಎಳೆಯ ನಲಿವಿಗೂ ಏನು ಸಂಬಂಧ? ಇದೇ ನಮ್ಮ ಇಂದಿನ ಮಾತುಕತೆಯ ವಿಷಯ. ಉತ್ತರಕ್ಕಾಗಿ ನಾವು ಸ್ಪೇನಿಗೆ ಹೋಗಬೇಕು, ಗೋವೆಗೆ ಬರಬೇಕು, ಮತ್ತೆ ಮಂಗಳೂರಿಗೇ ಹಿಂತಿರುಗಬೇಕು.

ಆವಿಲದ ಮಠದಲ್ಲಿ ವಾದ್ಯದ ಸದ್ದು

ಸ್ಪೇನಿನ ಆವಿಲ ಎಂಬ ಕೋಟೆ ಊರಿನಲ್ಲಿ 1515ರಲ್ಲಿ ತೆರೇಸಾ ಹುಟ್ಟಿದಳು. ಅವಳು ಸೇರಿದ ಕಾರ್ಮೆಲ್ ಮಠ ತುಂಬ ದೊಡ್ಡದು. ನೂರಕ್ಕೂ ಹೆಚ್ಚು ಜನ ಸನ್ಯಾಸಿನಿಯರಿದ್ದರು. ಶ್ರೀಮಂತರ ಮನೆಯಿಂದ ಬಂದವರಿಗೆ ಅಲ್ಲಿಯೂ ಪ್ರತ್ಯೇಕ ಅನುಕೂಲ, ಗೌರವದ ಬಿರುದು ಇದ್ದವು. ಬಡವರ ಮಕ್ಕಳಿಗೆ ಅವು ಇರಲಿಲ್ಲ. ಇದನ್ನು ಸರಿಪಡಿಸಬೇಕೆಂದು ತೆರೇಸಾ 1562ರ ಆಗಸ್ಟ್ 24ರಂದು ಸಂತ ಜೋಸೆಫರ ಹೆಸರಿನಲ್ಲಿ ಒಂದು ಪುಟ್ಟ ಮಠವನ್ನು ತೆರೆದಳು. ಬಿಕರ್ನಕಟ್ಟೆಯ ಮಠಕ್ಕೂ ಇದೇ ಸಂತನ ಹೆಸರಿರುವುದನ್ನು ನೆನಪಿಡಿ. ಹೊಸ ಮಠದಲ್ಲಿ ಬಿರುದು ಬಾವಲಿಗಳಿಲ್ಲ. ಒರಟು ಉಣ್ಣೆಯ ಉಡುಪು, ಕಾಲಿಗೆ ನಾರಿನ ಚಪ್ಪಲಿ, ಕಾಯಿಲೆಯಲ್ಲದೆ ಮಾಂಸವಿಲ್ಲ, ದಿನಕ್ಕೆ ಎರಡು ಗಂಟೆ ಮೌನ ಧ್ಯಾನ.

ಇಷ್ಟನ್ನು ಕೇಳಿದರೆ ತೆರೇಸಾ ಬಹಳ ಕಟ್ಟುನಿಟ್ಟಿನ, ನಗೆಯರಿಯದ ಹೆಂಗಸೆಂದು ನಿಮಗೆ ಅನ್ನಿಸಬಹುದು. ನಿಜ ಸಂಗತಿ ಬೇರೆ. ಅದೇ ನಿಯಮಾವಳಿಯಲ್ಲಿ ಅವಳು ದಿನಕ್ಕೆ ಎರಡು ಬಾರಿ, ಊಟವಾದ ಮೇಲೆ, ಎಲ್ಲರೂ ಒಟ್ಟಿಗೆ ಕುಳಿತು ಮಾತನಾಡಿ ನಗಬೇಕೆಂಬ ವೇಳೆಯನ್ನೂ ಸೇರಿಸಿದಳು. ಗಮನಿಸಿ: ನಗುವುದಕ್ಕೆ ಅನುಮತಿ ಕೊಟ್ಟದ್ದಲ್ಲ, ಅದನ್ನು ಮಠದ ದಿನಚರಿಯ ಒಂದು ಅಂಗವನ್ನಾಗಿಯೇ ಮಾಡಿದಳು. ಹಬ್ಬದ ದಿನಗಳಲ್ಲಿ ತಾನೇ ಹಾಡು ಕಟ್ಟುತ್ತಿದ್ದಳು. ಆವಿಲದ ಆ ಮಠದಲ್ಲಿ ಅವಳ ಕಾಲದ್ದೆಂದು ಪುಟ್ಟ ಡೋಲು, ಕೊಳಲುಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ಅವಳ ಸುಧಾರಣೆಗೆ ಗಂಡಸರ ಪೈಕಿ ಮೊದಲು ಜೊತೆಯಾದವರಲ್ಲಿ ಶಿಲುಬೆಯ ಯೋಹಾನರು ಒಬ್ಬರು. ಅವರೂ ಇನ್ನೊಬ್ಬ ಹಿರಿಯರೂ 1568ರ ನವೆಂಬರಿನಲ್ಲಿ ದುರುಏಲೊ ಎಂಬ ಕುಗ್ರಾಮದ ಹಳೆಯ ಮನೆಯೊಂದರಲ್ಲಿ ಮಠ ಹೂಡಿದರು. ಮರುವರ್ಷದ ತಪಸ್ಸುಕಾಲದಲ್ಲಿ ತೆರೇಸಾ ಅವರನ್ನು ನೋಡಲು ಹೋದಳು. ಹಿಮ ಬೀಳುವ ಚಳಿಯಲ್ಲೂ ಬರಿಗಾಲು, ದೇಹವನ್ನು ದಂಡಿಸುವ ಬಗೆಬಗೆಯ ವ್ರತಗಳು! ಅವಳಿಗೆ ಅವರ ಭಕ್ತಿಯ ಬಗ್ಗೆ ಮೆಚ್ಚುಗೆಯಾಯಿತು. ಆದರೆ ಇಷ್ಟು ಕಠಿಣವಾಗಬೇಡಿ ಎಂದು ಬೇಡಿಕೊಂಡೆನೆಂದು ತಾನೇ ಬರೆದಿಟ್ಟಿದ್ದಾಳೆ. ಮಠ ಕಟ್ಟುವವರು ವ್ರತದಿಂದಲೇ ಸೊರಗಿ ಬಿದ್ದುಹೋದರೆ ಕೆಲಸ ನಿಂತುಹೋದೀತೆಂಬುದು ಅವಳ ಭಯ.

ಇದನ್ನೆಲ್ಲ ಅವಳು ಆರಾಮದ ಕಾಲದಲ್ಲಿ ಮಾಡಿದ್ದಲ್ಲ. 1559ರಲ್ಲಿ ಸ್ಪೇನಿನ ಇನ್ಕ್ವಿಸಿಶನ್, ಅಂದರೆ ಧರ್ಮವಿಚಾರಣೆಯ ನ್ಯಾಯಪೀಠ, ಜನರ ಮಾತಿನಲ್ಲಿದ್ದ ಅನೇಕ ಭಕ್ತಿಗ್ರಂಥಗಳನ್ನು ನಿಷೇಧಿಸಿತು. ಲ್ಯಾಟಿನ್ ಬಾರದ ಹೆಂಗಸರಿಗೆ ಓದಲು ಏನೂ ಉಳಿಯದಂತಾಯಿತು. ತೆರೇಸಾಳ ಸ್ವಂತ ಆತ್ಮಕಥೆಯೂ ಆ ಪೀಠದ ಪರಿಶೀಲನೆಗೆ ಒಳಗಾಯಿತು. ಯೋಹಾನರನ್ನಂತೂ ಸುಧಾರಣೆಯನ್ನು ಒಪ್ಪದ ಸ್ವಂತ ಸಭೆಯವರೇ 1577ರ ಡಿಸೆಂಬರಿನಲ್ಲಿ ಹಿಡಿದು ತೊಲೆದೊ ನಗರದ ಕತ್ತಲ ಕೋಣೆಯಲ್ಲಿ ಕೂಡಿಹಾಕಿದರು. ಸುಮಾರು ಒಂಬತ್ತು ತಿಂಗಳ ಮೇಲೆ, 1578ರ ಆಗಸ್ಟಿನಲ್ಲಿ ಅವರು ತಪ್ಪಿಸಿಕೊಂಡು ಬಂದರು. ಆ ಕತ್ತಲೆಯಲ್ಲಿ ಅವರು ರಚಿಸಿದ್ದು ಶಾಪವನ್ನಲ್ಲ, ಪ್ರೇಮಗೀತೆಗಳ ಧಾಟಿಯ ಕವಿತೆಗಳನ್ನು. ಸ್ಪ್ಯಾನಿಷ್ ಸಾಹಿತ್ಯದ ಶ್ರೇಷ್ಠ ಕಾವ್ಯಗಳ ಸಾಲಿಗೆ ಅವು ಇಂದು ಸೇರಿವೆ.

ತೆರೇಸಾ ತೀರಿಕೊಂಡದ್ದು 1582ರ ಅಕ್ಟೋಬರ್ 4ರ ರಾತ್ರಿ. ಆ ರಾತ್ರಿ ಕಳೆದು ಬೆಳಗಾದಾಗ ತಾರೀಕು 15! ಪೋಪ್ ಗ್ರೆಗೊರಿ ಪಂಚಾಂಗವನ್ನು ತಿದ್ದಿದ್ದರಿಂದ ಹತ್ತು ದಿನಗಳು ಲೆಕ್ಕದಿಂದ ಬಿಟ್ಟುಹೋದವು. ಆದುದರಿಂದಲೇ ಅವಳ ಹಬ್ಬ ಅಕ್ಟೋಬರ್ 15ರಂದು ಬರುತ್ತದೆ.

ಕೈಮುರಿದ ಮಗುವಿನ ಕಥೆ

ಬಿಕರ್ನಕಟ್ಟೆಯ ಬಾಲಯೇಸುವಿನ ಮೂಲ ಇರುವುದು ಇಂದಿನ ಚೆಕ್ ದೇಶದ ರಾಜಧಾನಿ ಪ್ರಾಗ್‌ನಲ್ಲಿ. ಸುಮಾರು ಒಂದೂವರೆ ಅಡಿ ಎತ್ತರದ ಆ ಮೇಣದ ಮೂರ್ತಿ ಸ್ಪೇನಿನಿಂದ ಬಂದದ್ದು. ಪೊಲಿಕ್ಸೆನಾ ಎಂಬ ಶ್ರೀಮಂತ ಮಹಿಳೆ 1628ರಲ್ಲಿ ಅದನ್ನು ಪ್ರಾಗ್‌ನ ಕಾರ್ಮೆಲ್ ಮಠಕ್ಕೆ ಒಪ್ಪಿಸಿದಳು. ಆಗ ಯುರೋಪಿನಲ್ಲಿ ಕ್ರೈಸ್ತರೇ ಕ್ರೈಸ್ತರೊಡನೆ ಕಾದಾಡುತ್ತಿದ್ದ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿತ್ತು. 1631ರಲ್ಲಿ ಸ್ಯಾಕ್ಸನಿಯ ಸೇನೆ ಊರನ್ನು ಹೊಕ್ಕಾಗ ಸನ್ಯಾಸಿಗಳು ಓಡಿಹೋದರು. ಮೂರ್ತಿ ಕೈಗಳು ಮುರಿದು ಕಸದ ಪಾಲಾಯಿತು. 1637ರಲ್ಲಿ ಸಿರಿಲ್ ಎಂಬ ಧರ್ಮಗುರು ಅದನ್ನು ಹುಡುಕಿ ತೆಗೆದರೆಂದು ಪರಂಪರೆ ಹೇಳುತ್ತದೆ. ಸಿದ್ಧಾಂತದ ಸರಿತಪ್ಪುಗಳಿಗಾಗಿ ಇಡೀ ಖಂಡ ಹೊತ್ತಿ ಉರಿಯುತ್ತಿದ್ದಾಗ ಜನ ಒಂದು ಕೈಮುರಿದ ಮಗುವನ್ನು ಎತ್ತಿಕೊಂಡರು. ಇತಿಹಾಸ ಓದುವ ನಾವು ಈ ಚಿತ್ರವನ್ನು ಮರೆಯಬಾರದು.

ನಿಷೇಧದ ಪಟ್ಟಿ ಹೇಳುವ ಸಂತೋಷ

ಈಗ ನಮ್ಮ ಕರಾವಳಿಗೆ ಬರೋಣ. ದಕ್ಷಿಣ ಕನ್ನಡದ ಕೊಂಕಣಿ ಕ್ರೈಸ್ತರಲ್ಲಿ ಹೆಚ್ಚಿನವರ ಪೂರ್ವಜರು ಗೋವೆಯಿಂದ ವಲಸೆ ಬಂದವರು. ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗೆ ಈ ವಲಸೆ ನಡೆಯಿತು. ಬರಗಾಲ, ತೆರಿಗೆ, ಯುದ್ಧಗಳು ಇದಕ್ಕೆ ಕಾರಣ. 1560ರಲ್ಲಿ ಗೋವೆಯಲ್ಲಿ ಆರಂಭವಾಗಿ 1812ರವರೆಗೂ ಇದ್ದ ಇನ್ಕ್ವಿಸಿಶನ್ನಿನ ಭಯವೂ ಒಂದು ಕಾರಣ. ಕೆಳದಿಯ ನಾಯಕರ ಸೀಮೆಯಲ್ಲಿ ಇವರಿಗೆ ಬೇಸಾಯದ ನೆಲ ದೊರೆಯಿತು.

1736ರಲ್ಲಿ ಗೋವೆಯ ಇನ್ಕ್ವಿಸಿಶನ್ ಒಂದು ಆಜ್ಞೆ ಹೊರಡಿಸಿತು. ಅದರಲ್ಲಿ ಏನೇನು ನಿಷೇಧವಾಗಿತ್ತು ಬಲ್ಲಿರಾ? ಮದುವೆಯಲ್ಲಿ ಹೆಂಗಸರು ಹಾಡುವ 'ವೊವಿಯೊ' ಎಂಬ ಹಾಡುಗಳು, ನಾಡಿನ ವಾದ್ಯಗಳು, ಬೀಗರಿಗೆ ವೀಳ್ಯ ಅಡಿಕೆ ಹೂವುಗಳನ್ನು ಕೊಡುವುದು, ವಧೂವರರಿಗೆ ಅರಿಶಿನ, ಎಣ್ಣೆ, ತೆಂಗಿನ ಹಾಲು ಹಚ್ಚುವುದು, ಮನೆಯಂಗಳದ ತುಳಸಿ. ಕಡೆಗೆ ಗಂಡಸರು ಪಂಚೆ ಉಡುವುದು, ಹೆಂಗಸರು ಕುಪ್ಪಸ ತೊಡುವುದೂ ತಪ್ಪಾಯಿತು.

ಆಜ್ಞೆ ಮಾಡಿದವರನ್ನು ದುಷ್ಟರೆಂದು ಕರೆದು ಮುಗಿಸಿದರೆ ನಾವು ಇತಿಹಾಸದ ವಿದ್ಯಾರ್ಥಿಗಳಾಗುವುದಿಲ್ಲ. ಅವರ ಮನಸ್ಸಿನಲ್ಲಿ ಒಂದು ಭಯವಿತ್ತು. ಹಳೆಯ ಹಾಡು ಹಾಡಿದರೆ ಜನ ಹಳೆಯ ದೇವರಿಗೇ ಮರಳಿಬಿಡುತ್ತಾರೆಂಬ ಭಯ. ಭಯ ಹುಟ್ಟಿದಲ್ಲಿ ನಿಯಮ ಬೆಳೆಯುತ್ತಲೇ ಹೋಗುತ್ತದೆ. ಮೊದಲು ಗುಡಿ, ಆಮೇಲೆ ಹಾಡು, ಆಮೇಲೆ ಕುಪ್ಪಸ. ಎಲ್ಲಿ ನಿಲ್ಲಬೇಕೆಂಬುದು ಅದಕ್ಕೇ ತಿಳಿಯುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಸಂತೋಷ ಸಾಮಾನ್ಯವಾಗಿ ದಾಖಲೆಯಾಗುವುದಿಲ್ಲ. ಅಜ್ಜಿ ಮದುವೆಯಲ್ಲಿ ಹಾಡಿದಳೆಂದು ಯಾರೂ ಕಡತದಲ್ಲಿ ಬರೆದಿಡುವುದಿಲ್ಲ. ಆದರೆ ಅದನ್ನು ನಿಷೇಧಿಸಿದವನು ಒಂದೊಂದನ್ನೂ ಪಟ್ಟಿ ಮಾಡಿ ಬರೆದಿಟ್ಟ! ಹೀಗಾಗಿ ಆ ಕಾಲದ ಜನ ಹೇಗೆ ಸಂತೋಷಪಡುತ್ತಿದ್ದರೆಂದು ತಿಳಿಯಲು ನಮಗೆ ಆ ನಿಷೇಧದ ಪಟ್ಟಿಯೇ ಒಂದು ಒಳ್ಳೆಯ ಆಧಾರವಾಗಿದೆ. ದಾಖಲೆಯನ್ನು ತಿರುವಿ ಓದುವುದೆಂದರೆ ಇದೇ.

ಕನ್ನಡ ಜಿಲ್ಲೆಯ ಕ್ರೈಸ್ತರು ಧಾರ್ಮಿಕವಾಗಿ ಗೋವೆಯ ಅಧೀನದಲ್ಲಿದ್ದರೂ ಪೋರ್ಚುಗೀಸರ ಆಳ್ವಿಕೆಗೆ ಸೇರಿರಲಿಲ್ಲ. ಆ ಪಟ್ಟಿಯಲ್ಲಿದ್ದ ಎಷ್ಟೋ ಸಂಗತಿಗಳು ಇಲ್ಲಿ ಬಾಳಿ ಬಂದವು. ಇಂದಿಗೂ ಮಂಗಳೂರಿನ ಕ್ರೈಸ್ತರ ಮದುವೆಯ ಹಿಂದಿನ ದಿನ 'ರೋಸ್' ನಡೆಯುತ್ತದೆ. ವಧೂವರರಿಗೆ ಅವರವರ ಮನೆಯಲ್ಲಿ ಬಂಧುಬಳಗದವರು ತೆಂಗಿನ ಹಾಲೆರೆಯುತ್ತಾರೆ. ಹಿರಿಯ ಹೆಂಗಸರು ವೊವಿಯೊ ಹಾಡುತ್ತಾರೆ. ಯಾವುದನ್ನು ಭಕ್ತಿಗೆ ಅಪಾಯವೆಂದು ಭಾವಿಸಲಾಗಿತ್ತೋ ಅದು ಶಿಲುಬೆಯ ಗುರುತು ಮಾಡಿಕೊಂಡೇ ಆರಂಭವಾಗುತ್ತದೆ!

ಸೆಪ್ಟೆಂಬರ್ 8ರ 'ಮೊಂತಿ ಫೆಸ್ತ್', ಅಂದರೆ ತೆನೆಹಬ್ಬ, ಇನ್ನೊಂದು ಉದಾಹರಣೆ. ಅದು ಮಾತೆ ಮರಿಯಳ ಹುಟ್ಟುಹಬ್ಬ. ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಗು ಮರಿಯಳ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ಒಯ್ದು, ಅದರ ಅಕ್ಕಿಕಾಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಮನೆಯವರೆಲ್ಲ ಸೇವಿಸುತ್ತಾರೆ. ಅಂದು ಬಾಳೆಲೆಯ ಮೇಲೆ ಸಸ್ಯಾಹಾರದ ಊಟ. ಫರಂಗಿಪೇಟೆಯ ಮೊಂತೆ ಮಾರಿಯಾನೊ ಚರ್ಚಿನಲ್ಲಿ 1763ರಲ್ಲಿ ಈ ಹಬ್ಬ ಆರಂಭವಾಯಿತೆಂದು ಪ್ರತೀತಿ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಈ ಜನರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ಯಲಾಯಿತು; ಗುರುಗಳನ್ನು ಸೀಮೆಯಿಂದ ಹೊರಹಾಕಲಾಯಿತು. 1799ರ ತನಕ ಗುಡಿಯೂ ಇಲ್ಲ, ಗುರುವೂ ಇಲ್ಲ. ಹಿಂತಿರುಗಿ ಬಂದವರು ಚರ್ಚುಗಳನ್ನು ಮತ್ತೆ ಕಟ್ಟಿದರು, ಹಬ್ಬಗಳನ್ನೂ ಮತ್ತೆ ಎತ್ತಿ ನಿಲ್ಲಿಸಿದರು. ನಿಯಮ ಹೇಳುವವರೇ ಇಲ್ಲದ ಹದಿನೈದು ವರ್ಷ ಒಂದು ಸಮುದಾಯ ತನ್ನತನವನ್ನು ಉಳಿಸಿಕೊಂಡಿತೆಂದರೆ, ಮನೆಯಲ್ಲಿ ಕಲಿತ ಪ್ರಾರ್ಥನೆ, ಹಾಡು, ಊಟಗಳ ಪಾಲು ಅದರಲ್ಲಿ ಸಣ್ಣದಾಗಿರಲಾರದು.

ಕಂಕನಾಡಿಯ ಕಡೆಗೊಂದು ಹೆಜ್ಜೆ

ಕಾರ್ಮೆಲ್ ಸಭೆಯವರು ಬಿಕರ್ನಕಟ್ಟೆಗೆ ಬರುವುದಕ್ಕೆ ನೂರು ವರ್ಷ ಮೊದಲೇ ಮಂಗಳೂರಿನಲ್ಲಿದ್ದರು. 1845ರಿಂದ 1878ರವರೆಗೆ ಇಲ್ಲಿನ ಕೆಥೊಲಿಕ್ ಸಭೆಯ ಹೊಣೆ ಅವರದೇ. 1878ರ ಕೊನೆಗೆ ಜೆಸುಯಿತರು ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು.

1870ರಲ್ಲಿ ಫ್ರಾನ್ಸಿನ ಪೊ ಎಂಬ ಊರಿನಿಂದ ಕಾರ್ಮೆಲ್ ಸನ್ಯಾಸಿನಿಯರ ಒಂದು ತಂಡ ಮಂಗಳೂರಿಗೆ ಹೊರಟಿತು. ದಾರಿಯಲ್ಲೇ ಕೆಲವರು ತೀರಿಕೊಂಡರು. ಉಳಿದು ಬಂದವರಲ್ಲಿ ಮರಿಯಂ ಬವಾರ್ದಿ ಎಂಬ ಇಪ್ಪತ್ತನಾಲ್ಕರ ಯುವತಿ ಇದ್ದಳು. ಗಲಿಲೇಯದ ಇಬಿಲ್ಲಿನ್ ಗ್ರಾಮದವಳು, ಅರಬ್ಬೀ ಮಾತಿನವಳು, ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡವಳು. ಓದುಬರಹ ಅಷ್ಟಕ್ಕಷ್ಟೇ. ಅಡುಗೆ, ಬಟ್ಟೆ ಒಗೆಯುವುದು ಅವಳ ಕೆಲಸ. ಹೂ, ಹಕ್ಕಿ, ಗಿಡಗಳನ್ನು ಕಂಡರೆ ಅವಳ ಬಾಯಿಂದ ಹಾಡು ತಾನಾಗಿ ಹೊರಡುತ್ತಿತ್ತು. ಕೆಲಸದ ನಡುವೆಯೇ ಮೈಮರೆತು ಧ್ಯಾನಕ್ಕೆ ಸಲ್ಲುತ್ತಿದ್ದಳು. 1871ರ ನವೆಂಬರ್ 21ರಂದು ಅವಳು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದಳು.

ಆದರೆ ಮಠದ ಹಿರಿಯರಿಗೆ ಅನುಮಾನ ಹುಟ್ಟಿತು. ಇದು ನಿಜವಾದ ಅನುಭವವೇ, ಮನಸ್ಸಿನ ಭ್ರಮೆಯೇ, ಅಥವಾ ಇನ್ನಾವುದಾದರೂ ಕೆಟ್ಟ ಶಕ್ತಿಯ ಕೆಲಸವೇ? 1872ರಲ್ಲಿ ಅವಳನ್ನು ಫ್ರಾನ್ಸಿಗೆ ಹಿಂದಕ್ಕೆ ಕಳುಹಿಸಿದರು. ಅನುಮಾನಿಸುವುದೂ ಹಿರಿಯರ ಕರ್ತವ್ಯವೇ. ಕಂಡವರೆಲ್ಲರ ಕನಸನ್ನು ನಂಬಿದರೆ ಮಠ ನಡೆಯುವುದಿಲ್ಲ. ಆದರೂ ಅಳತೆಗೋಲಿಗೆ ಸಿಗದ ನಲಿವನ್ನು ಕಂಡಾಗ ಮನುಷ್ಯರಿಗೆ ಎಷ್ಟು ಕಸಿವಿಸಿಯಾಗುತ್ತದೆಂಬುದಕ್ಕೆ ಇದೊಂದು ಸಾಕ್ಷಿ. ಮರಿಯಂ ಎದುರು ಮಾತಾಡದೆ ಹೋದಳು. 1875ರಲ್ಲಿ ಬೆತ್ಲೆಹೇಮಿನಲ್ಲಿ ಮಠ ಕಟ್ಟಲು ನೆರವಾದಳು. 1878ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡಳು. 2015ರ ಮೇ 17ರಂದು ಪೋಪ್ ಫ್ರಾನ್ಸಿಸರು ಅವಳನ್ನು ಸಂತಳೆಂದು ಘೋಷಿಸಿದರು. ಮಂಗಳೂರು ಅನುಮಾನಿಸಿ ಕಳುಹಿಸಿದ ಹುಡುಗಿಯನ್ನು ಮಂಗಳೂರೇ ಇಂದು ಹೆಮ್ಮೆಯಿಂದ ನೆನೆಯುತ್ತದೆ.

ಮಕ್ಕಳಿಗೆ ತೆರೆದ ಬಾಗಿಲು

ಹದಿನೇಳನೆಯ ಶತಮಾನದಿಂದ ಫ್ರಾನ್ಸಿನಲ್ಲಿ ಜಾನ್ಸೆನ್‌ವಾದವೆಂಬ ಒಂದು ಪಂಥ ಹಬ್ಬಿತು. 1640ರಲ್ಲಿ ಪ್ರಕಟವಾದ ಬಿಷಪ್ ಜಾನ್ಸೆನರ ಗ್ರಂಥ ಅದರ ಮೂಲ. ಮನುಷ್ಯ ಸ್ವಭಾವತಃ ಎಷ್ಟು ಕೆಟ್ಟವನೆಂದರೆ ಪರಮಪ್ರಸಾದ ಸ್ವೀಕರಿಸಲು ಅವನು ಅಪರೂಪಕ್ಕೊಮ್ಮೆ ಮಾತ್ರ ಯೋಗ್ಯನಾದಾನು ಎಂಬ ಭಾವನೆಯನ್ನು ಅದು ಬಿತ್ತಿತು. ರೋಮ್ ಪಂಥವನ್ನು ಖಂಡಿಸಿದರೂ ಅದರ ನೆರಳು ಬಹುಕಾಲ ಉಳಿಯಿತು. ಮಕ್ಕಳು ಹತ್ತು, ಹನ್ನೆರಡು ವರ್ಷದವರೆಗೂ ಕಾಯಬೇಕಿತ್ತು. ಕಾರ್ಮೆಲ್ ಸಭೆಯ ಇನ್ನೊಬ್ಬ ಸಂತೆ, ಲಿಸಿಯೊದ ತೆರೇಸಾ (1873–1897), ಮೊದಲ ಪ್ರಸಾದ ಸ್ವೀಕರಿಸಿದಾಗ ಅವಳಿಗೆ ಹನ್ನೊಂದು ವರ್ಷ. ಭಯದಿಂದಲ್ಲ, ತಂದೆಯ ತೋಳಿಗೆ ಓಡುವ ಮಗುವಿನಂತೆ ದೇವರ ಬಳಿಗೆ ಹೋಗಬೇಕೆಂಬುದು ಅವಳು ಕಲಿಸಿದ 'ಪುಟ್ಟ ದಾರಿ'. ಮುಂದೆ 1905ರಲ್ಲಿ ಪೋಪ್ ಹತ್ತನೆಯ ಪಯಸ್ಸರು ಜನರು ಆಗಾಗ, ಪ್ರತಿದಿನವೂ ಪ್ರಸಾದ ಸ್ವೀಕರಿಸಬಹುದೆಂದರು. 1910ರಲ್ಲಿ ಏಳು ವರ್ಷದ ಮಕ್ಕಳಿಗೂ ಬಾಗಿಲು ತೆರೆದರು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–1965) ನಂತರ ಲ್ಯಾಟಿನ್ನಿನ ಜಾಗದಲ್ಲಿ ಕೊಂಕಣಿ, ಕನ್ನಡಗಳು ಬಲಿಪೂಜೆಯ ಭಾಷೆಗಳಾದವು. ಮನೆಯ ಮಾತಿನಲ್ಲಿ ಹಾಡುವ ಸಂತೋಷ ಗರ್ಭಗುಡಿಯವರೆಗೆ ಬಂದಿತು. 2013ರಲ್ಲಿ ಪೋಪ್ ಫ್ರಾನ್ಸಿಸರು ಬರೆದ ಪ್ರೇರಣಾಪತ್ರಕ್ಕೆ 'ಶುಭಸಂದೇಶದ ಆನಂದ' ಎಂದೇ ಹೆಸರಿಟ್ಟರು.

ಹಾಗಾದರೆ ನಿಯಮ ಬೇಡವೇ?

ಇಲ್ಲಿಯವರೆಗೆ ಓದಿದ ನೀವು ಕೇಳಬಹುದು: ನಿಯಮಗಳನ್ನೆಲ್ಲ ಬಿಟ್ಟುಬಿಟ್ಟರೆ ಸಂತೋಷ ಬರುತ್ತದೆಯೇ? ಇತಿಹಾಸ ಹಾಗೆ ಹೇಳುವುದಿಲ್ಲ. ಆವಿಲದ ತೆರೇಸಾಳ ಮಠ ಹಳೆಯ ಮಠಕ್ಕಿಂತ ಕಠಿಣವಾಗಿತ್ತು, ಹಳೆಯದಕ್ಕಿಂತ ಹೆಚ್ಚು ನಗುತ್ತಲೂ ಇತ್ತು. ತೆನೆಹಬ್ಬಕ್ಕೂ ನಿಯಮವಿದೆ: ಒಂಬತ್ತು ದಿನದ ಹೂವು, ಮಾಂಸವಿಲ್ಲದ ಊಟ. ಯಕ್ಷಗಾನದ ಭಾಗವತರಿಗೆ ತಾಳ ತಪ್ಪುವಂತಿಲ್ಲ, ಆದರೆ ತಾಳವೇ ಆಟವಲ್ಲ. ನಿಯಮವು ನಲಿವಿಗೆ ಅಂಗಳವಾಗಬಹುದು, ಬೇಲಿಯೂ ಆಗಬಹುದು. ಅಂಗಳವಾದಾಗ ಅದು ಶಿಸ್ತು, ಬೇಲಿಯಾದಾಗ ಅದು ಕರ್ಮಠತನ.

ಬೈಬಲಿನಲ್ಲಿ ದಾರಿತಪ್ಪಿದ ಮಗನ ಕಥೆಯನ್ನು ನೀವು ಕೇಳಿರಬಹುದು. ಆಸ್ತಿಯನ್ನು ಹಾಳುಮಾಡಿ ಹಿಂತಿರುಗಿದ ಕಿರಿಮಗನಿಗಾಗಿ ತಂದೆ ಔತಣ ಮಾಡಿಸುತ್ತಾನೆ. ಎಂದೂ ತಪ್ಪು ಮಾಡದ ಹಿರಿಮಗ ಮಾತ್ರ ಸಿಟ್ಟಿನಿಂದ ಹೊರಗೇ ನಿಲ್ಲುತ್ತಾನೆ. ಒಳಗೆ ಹಾಡು ಕುಣಿತ ಕೇಳಿಸುತ್ತಿದೆ. ತಂದೆ ಹೊರಗೆ ಬಂದು ಅವನನ್ನೂ ಕರೆಯುತ್ತಾನೆ. ಅವನು ಒಳಗೆ ಹೋದನೇ ಇಲ್ಲವೇ ಎಂಬುದನ್ನು ಕಥೆ ಹೇಳದೆ ಬಿಟ್ಟಿದೆ. ಆವಿಲ, ಗೋವೆ, ಮಂಗಳೂರು ಎಲ್ಲ ಕಡೆಯೂ ಆ ಹಿರಿಮಗನ ಪ್ರಶ್ನೆಯೇ ಬೇರೆ ಬೇರೆ ವೇಷದಲ್ಲಿ ಮರಳಿ ಬಂದಿದೆ. ಅದು ಒಂದೇ ಧರ್ಮದ ಪ್ರಶ್ನೆಯೂ ಅಲ್ಲ.

ನಿಮಗೊಂದು ಕೆಲಸ. ನಿಮ್ಮ ಮನೆಯಲ್ಲಿ, ನೀವು ಯಾವ ಧರ್ಮದವರೇ ಆಗಿರಿ, ಹಿರಿಯ ಹೆಂಗಸರೊಬ್ಬರ ಬಳಿ ಕುಳಿತು ಕೇಳಿ: ಅವರ ಮದುವೆಯಲ್ಲಿ ಯಾವ ಹಾಡು ಹಾಡಿದರು? ಹಬ್ಬದಲ್ಲಿ ಏನು ಆಡುತ್ತಿದ್ದರು? ಯಾವುದನ್ನು ಯಾರು ಯಾವಾಗ ಬೇಡವೆಂದರು? ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಷೇಧಿಸಿದವರು ಮಾತ್ರವೇ ಸಂತೋಷವನ್ನು ದಾಖಲಿಸಬೇಕೆಂದೇನೂ ಇಲ್ಲ, ನೀವೂ ದಾಖಲಿಸಬಹುದು. ಮುಂದೊಮ್ಮೆ ಬಿಕರ್ನಕಟ್ಟೆಯ ಗುಡ್ಡ ಹತ್ತಿದಾಗ ಕಿರೀಟ ತೊಟ್ಟ ಆ ಪುಟ್ಟ ಮೂರ್ತಿಯನ್ನು ನಿಧಾನವಾಗಿ ನೋಡಿ. ಅದರ ಹಿಂದೆ ಆವಿಲದ ಡೋಲಿನ ಸದ್ದು, ನಮ್ಮ ಅಜ್ಜಿಯರ ವೊವಿಯೊ, ಇಲ್ಲಿಂದ ಹಿಂದಕ್ಕೆ ಕಳುಹಿಸಲ್ಪಟ್ಟ ಆ ಅರಬ್ಬೀ ಹುಡುಗಿಯ ಹಾಡು, ಎಲ್ಲವೂ ಇವೆ.